ಈಮ್ ಊರಿನ ಗಡಿಕಲ್ಲು

ಇಂಗ್ಲೆಂಡು ದೇಶದ ನಡುಭಾಗದಲ್ಲಿ ಡರ್ಬಿಶೈರ್ ಎಂಬ ಪ್ರಾಂತವುಂಟು. ಅದರ ಉತ್ತರದ ಸೀಮೆಯೆಲ್ಲಾ ಗುಡ್ಡಗಾಡು. ಮೇಲೆ ಮರಗಳಿಲ್ಲದ ಬೋಳು ಬಯಲು, ಕೆಳಗೆ ಸುಣ್ಣಕಲ್ಲಿನ ಕಡಿದಾದ ಕಣಿವೆಗಳು. ಇಂಥ ಒಂದು ಗುಡ್ಡದ ತೆಂಕಣ ಮಗ್ಗುಲಲ್ಲಿ ಈಮ್ ಎಂಬ ಹಳ್ಳಿ ಇರುವದು. ಈ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ನೋಡಿದ ಹೊಸಬರು ಅದನ್ನು ‘ಏಯಮ್’ ಎಂದು ಓದುವದುಂಟು. ಊರವರ ಬಾಯಲ್ಲಿ ಅದು ‘ಈಮ್’ ಮಾತ್ರ. 1086ರಲ್ಲಿ ವಿಲ್ಯಂ ರಾಜನ ಅಪ್ಪಣೆಯಿಂದ ಬರೆಯಲ್ಪಟ್ಟ ಭೂಮಿಯ ಲೆಕ್ಕದ ಪುಸ್ತಕದಲ್ಲಿಯೂ ಈ ಊರು ಕಾಣಿಸುತ್ತದೆ. ಈಗ ಅಲ್ಲಿ ವಾಸಿಸುವವರು ಹೆಚ್ಚು ಕಡಿಮೆ ಒಂದು ಸಾವಿರ ಮಂದಿ. ಅಲ್ಲಿ ಯಾವ ರಾಜನೂ ಹುಟ್ಟಲಿಲ್ಲ, ಹೆಸರಾದ ಯುದ್ಧವೂ ನಡೆಯಲಿಲ್ಲ. ಆದರೂ ವರುಷ ವರುಷವೂ ಅನೇಕರು ದೂರದಿಂದ ಆ ಹಳ್ಳಿಯನ್ನು ನೋಡಬರುತ್ತಾರೆ. ಅವರು ನೋಡುವದೇನಂದರೆ ತೂತುಗಳುಳ್ಳ ಒಂದು ಕಲ್ಲು, ರಸ್ತೆಯ ಬದಿಯ ಒಂದು ಬಾವಿ, ಹೊಲದ ನಡುವೆ ಕೆಲವು ಸಮಾಧಿಗಳು, ಹುಲ್ಲು ಬೆಳೆದ ಒಂದು ತಗ್ಗು. ಇವು ಯಾಕೆ ಪ್ರಸಿದ್ಧವಾದವೆಂಬುದನ್ನು ಈ ಪಾಠದಲ್ಲಿ ವಾಚಕರಿಗೆ ತಿಳಿಸಲು ಇಚ್ಛಿಸುತ್ತೇವೆ.

ಮೊದಲು ಊರಿನ ಹಳೆಯ ಗುರುತುಗಳನ್ನು ನೋಡೋಣ. ದೇವಾಲಯದ ಅಂಗಳದಲ್ಲಿ ಕಲ್ಲಿನ ಒಂದು ಶಿಲುಬೆ ನಿಂತಿದೆ. ಅದು ಸುಮಾರು ಸಾವಿರದ ಇನ್ನೂರು ವರುಷಗಳಷ್ಟು ಹಳೆಯದು. ಆ ದೇಶದ ಸ್ಯಾಕ್ಸನ್ ಜನರು ಕ್ರೈಸ್ತರಾದ ಕಾಲಕ್ಕೆ ಸಮೀಪದ್ದು. ಅದರ ಮೇಲೆ ಬಳ್ಳಿಗಳನ್ನೂ ದೇವದೂತರ ರೂಪಗಳನ್ನೂ ಕೆತ್ತಿದ್ದಾರೆ. ಕಂಬದ ಒಂದು ತುಂಡು ಕಳೆದುಹೋಗಿರುವದರಿಂದ ಶಿಲುಬೆಯ ತಲೆಯು ಮೊಟಕಾದ ಕಂಬದ ಮೇಲೆ ಕೂತಂತೆ ತೋರುತ್ತದೆ. ಬಹುಕಾಲ ಅದು ಕಳೆಗಳ ನಡುವೆ ಬಿದ್ದುಕೊಂಡಿತ್ತೆಂದೂ, ಸೆರೆಮನೆಗಳ ಸುಧಾರಣೆಗಾಗಿ ದುಡಿದ ಜಾನ್ ಹವರ್ಡ್ ಎಂಬವನು ನೋಡಿ ಹೇಳಿದ ಮೇಲೆಯೇ ಊರವರು ಅದನ್ನು ಎತ್ತಿ ನಿಲ್ಲಿಸಿದರೆಂದೂ ಹೇಳಿಕೆಯುಂಟು. ದೇವಾಲಯದ ಗೋಡೆಯ ಮೇಲೆ 1775ರ ನೆರಳುಗಡಿಯಾರವೊಂದಿದೆ. ಬಿಸಿಲಿನಲ್ಲಿ ಅದು ಆ ಊರಿನ ಹೊತ್ತನ್ನು ಮಾತ್ರವಲ್ಲ, ದೂರದೇಶಗಳ ಹೊತ್ತನ್ನೂ ತೋರಿಸುವಂತೆ ಗೆರೆಗಳನ್ನು ಎಳೆದಿದ್ದಾರೆ. ಬೀದಿಗಳಲ್ಲಿ ಅಲ್ಲಲ್ಲಿ ಕಲ್ಲಿನ ತೊಟ್ಟಿಗಳು ಕಾಣುತ್ತವೆ. 1588ರಲ್ಲಿಯೇ ಮೇಲಿನ ಬುಗ್ಗೆಗಳ ನೀರನ್ನು ಈ ತೊಟ್ಟಿಗಳಿಗೆ ಹರಿಸಿ ಊರಿಗೆಲ್ಲಾ ಹಂಚುವ ಏರ್ಪಾಡು ನಡೆದಿತ್ತು. ಕೊಡ ಹೊತ್ತು ದೂರ ನಡೆಯುವವರಿಗೆ ಇದು ಎಷ್ಟು ದೊಡ್ಡ ಉಪಕಾರವೆಂದು ನಾವು ಹೇಳಬೇಕಾಗಿಲ್ಲ. ಊರಿನ ಗಂಡಸರು ಹೊಲ ಉಳುವರು, ಕುರಿ ಸಾಕುವರು, ಬಹುಮಂದಿ ನೆಲದೊಳಗೆ ಇಳಿದು ಸೀಸದ ಅದಿರನ್ನು ಅಗೆಯುವರು. ಹೀಗೆ ಅನೇಕ ತಲೆಮಾರುಗಳು ಕಳೆದವು.

ಇನ್ನು ಮುಖ್ಯ ಸಂಗತಿಗೆ ಬರುವ ಮುಂಚೆ ಆ ಊರಿನ ಸಭೆಯಲ್ಲಿದ್ದ ಒಡಕನ್ನು ಕುರಿತು ಸ್ವಲ್ಪ ಹೇಳತಕ್ಕದ್ದು. ಇಂಗ್ಲೆಂಡಿನಲ್ಲಿ 1642ರಿಂದ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆಯಿತು. ಪಾರ್ಲಿಮೆಂಟಿನ ಪಕ್ಷವು ಮೇಲಾದಾಗ ಈಮಿನ ಸಭಾಪಾಲಕರನ್ನು ತೆಗೆದುಹಾಕಿ ತಾಮಸ್ ಸ್ಟಾನ್ಲಿ ಎಂಬವರನ್ನು ಅಲ್ಲಿ ನೇಮಿಸಿದರು. ಸ್ಟಾನ್ಲಿಯವರು ಪ್ಯೂರಿಟನ್ ಮತದವರು, ದೃಢ ಮನಸ್ಸಿನವರು, ಜನರಿಗೆ ಪ್ರಿಯರಾದವರು. 1660ರಲ್ಲಿ ಎರಡನೆಯ ಚಾರ್ಲ್ಸ್ ರಾಜನು ಸಿಂಹಾಸನಕ್ಕೆ ಬಂದನು. 1662ರಲ್ಲಿ ಒಂದು ಕಾನೂನು ಹುಟ್ಟಿತು. ಅರಸನ ಸಭೆಯ ಪ್ರಾರ್ಥನಾಪುಸ್ತಕವನ್ನು ಪೂರ್ಣವಾಗಿ ಒಪ್ಪದ ಬೋಧಕರೆಲ್ಲರೂ ತಮ್ಮ ಸ್ಥಾನ ಬಿಡಬೇಕೆಂಬುದೇ ಅದರ ತಾತ್ಪರ್ಯ. ಸುಮಾರು ಎರಡು ಸಾವಿರ ಬೋಧಕರು ಹೀಗೆ ಕೆಲಸವನ್ನೂ ಮನೆಯನ್ನೂ ಕಳಕೊಂಡರು. ಅವರಲ್ಲಿ ಸ್ಟಾನ್ಲಿಯವರೂ ಒಬ್ಬರು. ಆದರೆ ಅವರು ಊರನ್ನು ಬಿಟ್ಟು ಹೋಗಲಿಲ್ಲ.

1664ರಲ್ಲಿ ವಿಲ್ಯಂ ಮಾಂಪೆಸ್ಸನ್ ಎಂಬ ಹೊಸ ಸಭಾಪಾಲಕರು ತಮ್ಮ ಹೆಂಡತಿ ಕ್ಯಾಥರಿನ್ ಮತ್ತು ಇಬ್ಬರು ಚಿಕ್ಕ ಮಕ್ಕಳೊಂದಿಗೆ ಈಮಿಗೆ ಬಂದರು. ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರು ಅರಸನ ಸಭೆಯವರು. ಊರವರಲ್ಲಿ ಬಹುಮಂದಿ ಸ್ಟಾನ್ಲಿಯವರ ಕಡೆಯವರು. ಹಳೆಯ ಬೋಧಕರು ಹೊರಹಾಕಲ್ಪಟ್ಟಿರಲು ಅವರ ಪೀಠದಲ್ಲಿ ಕೂತ ಹುಡುಗನ ಮಾತಿಗೆ ಯಾರು ಕಿವಿಗೊಟ್ಟಾರು? ಇದರ ಮೇಲೆ 1665ರಲ್ಲಿ ಮತ್ತೊಂದು ಕಾನೂನು ಬಂತು. ಹೊರಹಾಕಲ್ಪಟ್ಟ ಬೋಧಕರು ತಮ್ಮ ಹಿಂದಣ ಸಭೆಯ ಐದು ಮೈಲಿನೊಳಗೆ ಸುಳಿಯಬಾರದೆಂದು ಅದು ವಿಧಿಸಿತು. ಆದದರಿಂದ ಸ್ಟಾನ್ಲಿಯವರು ಈಮಿನಲ್ಲಿ ಇದ್ದದ್ದೇ ಕಾನೂನಿಗೆ ವಿರೋಧವಾಗಿತ್ತು. ಇಂಥ ಇಬ್ಬರು ಒಂದೇ ಚಿಕ್ಕ ಊರಲ್ಲಿದ್ದರು.

ಅದೇ 1665ರಲ್ಲಿ ಲಂಡನ್ ಪಟ್ಟಣದಲ್ಲಿ ಮಹಾಮಾರಿ, ಅಂದರೆ ಪ್ಲೇಗು, ಹಬ್ಬಿ ಸುಮಾರು ಒಂದು ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಈಮಿಗೂ ಲಂಡನಿಗೂ 150 ಮೈಲುಗಳಷ್ಟು ದೂರ. ಅಲ್ಲಿಯ ಸಂಕಟವು ಗುಡ್ಡದ ಜನರಿಗೆ ಬರೀ ಸುದ್ದಿಯಾಗಿತ್ತು. ಆದರೆ ಆ ವರುಷದ ಬೇಸಗೆಯ ಕೊನೆಗೆ ಈಮಿನ ದರ್ಜಿಯೊಬ್ಬನ ಮನೆಗೆ ಲಂಡನಿನಿಂದ ಬಟ್ಟೆಯ ಒಂದು ಗಂಟು ಬಂತು. ಆ ಮನೆಯಲ್ಲಿ ಕೆಲಸಮಾಡುತ್ತಿದ್ದ ಜಾರ್ಜ್ ವಿಕರ್ಸ್ ಎಂಬವನು ಗಂಟನ್ನು ಬಿಚ್ಚಿ, ಬಟ್ಟೆ ಒದ್ದೆಯಾಗಿದ್ದದರಿಂದ ಒಲೆಯ ಮುಂದೆ ಹರಡಿ ಒಣಗಿಸಿದನೆಂದು ಊರವರು ಹೇಳುತ್ತಾರೆ. ಕೆಲವೇ ದಿನಗಳಲ್ಲಿ ಅವನು ಜ್ವರದಿಂದ ಬಿದ್ದನು. ಸೆಪ್ಟೆಂಬರ್ 7ರಂದು ಅವನನ್ನು ಹೂಣಿಟ್ಟರು. ಅದೇ ತಿಂಗಳ 22ರಂದು ಆ ಮನೆಯ ಹುಡುಗನಾದ ಎಡ್ವರ್ಡ್ ಕೂಪರನನ್ನು ಹೂಣಿಟ್ಟರು. ತರುವಾಯ ನೆರೆಮನೆ, ಅದರಾಚೆಯ ಮನೆ. ದೇವಾಲಯದ ಪಕ್ಕದಲ್ಲಿರುವ ಆ ಸಾಲುಮನೆಗಳು ಇಂದಿಗೂ ನಿಂತಿವೆ; ಯಾರು ಯಾರು ಎಂದು ಸತ್ತರೆಂಬುದನ್ನು ಹಲಗೆಗಳ ಮೇಲೆ ಬರೆದು ಮನೆಗಳ ಮುಂದೆ ಇಟ್ಟಿದ್ದಾರೆ.

ಈ ರೋಗವು ಹೇಗೆ ಹರಡುತ್ತದೆಂಬುದು ಆಗ ಯಾರಿಗೂ ತಿಳಿಯದು. ಕೆಟ್ಟ ಗಾಳಿಯೇ ಕಾರಣವೆಂದು ಕೆಲವರು, ಮುಟ್ಟಿದರೆ ಬರುವದೆಂದು ಕೆಲವರು, ದೇವರ ದಂಡನೆಯೆಂದು ಎಲ್ಲರೂ ಎಣಿಸುತ್ತಿದ್ದರು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವೈದ್ಯನು ಈ ರೋಗದ ಸೂಕ್ಷ್ಮಜೀವಿಯನ್ನು ಕಂಡುಹಿಡಿದನು. 1898ರಲ್ಲಿ ಕರಾಚಿಯಲ್ಲಿ ಸಿಮೊನ್ ಎಂಬ ಇನ್ನೊಬ್ಬ ವೈದ್ಯನು ಇಲಿಯ ಮೈಮೇಲಿನ ಚಿಗಟವೇ ಅದನ್ನು ಹರಡುವದೆಂದು ತೋರಿಸಿದನು. ಅದೇ 1898ರಲ್ಲಿ ಬೆಂಗಳೂರು, ಹುಬ್ಬಳ್ಳಿ ಮುಂತಾದ ನಮ್ಮ ಪಟ್ಟಣಗಳಲ್ಲಿ ಪ್ಲೇಗು ಹೊಕ್ಕು ಮನೆಮನೆಗಳನ್ನು ಬರಿದುಮಾಡಿತು. ‘ಇಲಿ ಬಿತ್ತು’ ಎಂಬ ಮಾತು ಕೇಳಿದರೆ ಸಾಕು, ನಮ್ಮ ಹಳ್ಳಿಗಳ ಹಿರಿಯರು ಪಾತ್ರೆ ಪಡಗ ಕಟ್ಟಿಕೊಂಡು ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿ ಇಳಿಯುತ್ತಿದ್ದರು. ರೋಗ ಅಡಗಿದ ಮೇಲೆಯೇ ಮನೆಗೆ ಬರುವರು. ಈ ಮಾತನ್ನು ವಾಚಕರು ನೆನಪಿನಲ್ಲಿಡಲಿ, ಮುಂದೆ ಬೇಕಾಗುವದು.

ಚಳಿಗಾಲದಲ್ಲಿ ಮರಣಗಳು ಕಡಮೆಯಾದವು. ಊರವರು ಉಸಿರೆಳೆದರು. ಅನುಕೂಲವಂತರಾದ ಕೆಲವರು ಅಷ್ಟರೊಳಗೆ ಬೇರೆ ಕಡೆ ಹೋಗಿಬಿಟ್ಟಿದ್ದರು, ಬಡವರು ಹೋಗುವದೆಲ್ಲಿಗೆ? 1666ರ ಬೇಸಗೆ ಬರಲು ರೋಗವು ಮೊದಲಿಗಿಂತ ಭಯಂಕರವಾಗಿ ಎದ್ದಿತು. ಆಗ ಉಳಿದವರೂ ಓಡಿಹೋಗಲು ಸಿದ್ಧರಾದರು. ಓಡಿದ್ದರೆ ಶೆಫೀಲ್ಡ್, ಬೇಕ್‌ವೆಲ್ ಮೊದಲಾದ ಊರುಗಳಿಗೂ ಸುತ್ತಲಿನ ಹಳ್ಳಿಗಳಿಗೂ ರೋಗವನ್ನು ತಮ್ಮ ಬಟ್ಟೆಗಳಲ್ಲಿಯೇ ಹೊತ್ತುಕೊಂಡು ಹೋಗುತ್ತಿದ್ದರು. ಮಾಂಪೆಸ್ಸನರಿಗೆ ಇದು ಸ್ಪಷ್ಟವಾಗಿತ್ತು. ಆದರೆ ತಮ್ಮ ಮಾತೊಂದರಿಂದಲೇ ಜನರು ನಿಲ್ಲುವದಿಲ್ಲವೆಂಬುದೂ ಅವರಿಗೆ ಅಷ್ಟೇ ಸ್ಪಷ್ಟವಾಗಿತ್ತು. ಅವರು ಸ್ಟಾನ್ಲಿಯವರ ಸಹಾಯವನ್ನು ಕೇಳಿದರು.

ಈ ಭೇಟಿಯಲ್ಲಿ ಏನೇನು ಮಾತುಗಳಾದವೋ ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ನಾವು ಈ ಊರಿನ ಎಲ್ಲಾ ಕಲ್ಲುಗಳಿಗಿಂತಲೂ ಅದನ್ನೇ ಹೆಚ್ಚು ಬೆಲೆಯುಳ್ಳದ್ದೆಂದು ಎಣಿಸುತ್ತಿದ್ದೆವು. ಒಬ್ಬರು ಕಾನೂನಿನ ಬಲದಿಂದ ಪೀಠದಲ್ಲಿರುವವರು, ಇನ್ನೊಬ್ಬರು ಅದೇ ಕಾನೂನಿನಿಂದ ಹೊರಗಾದವರು. ಒಬ್ಬರಿಗೆ ಅಧಿಕಾರವಿತ್ತು, ಜನರ ಮನಸ್ಸಿರಲಿಲ್ಲ; ಇನ್ನೊಬ್ಬರಿಗೆ ಜನರ ಮನಸ್ಸಿತ್ತು, ಅಧಿಕಾರವಿರಲಿಲ್ಲ. 1666ರ ಜೂನ್ ತಿಂಗಳಲ್ಲಿ ಇಬ್ಬರೂ ಒಟ್ಟಾಗಿ ಜನರ ಮುಂದೆ ನಿಂತರು. ಅವರು ಜನರಿಗೆ ಒಡ್ಡಿದ ಆಲೋಚನೆ ಇದು: ಸತ್ತವರನ್ನು ಇನ್ನು ಮುಂದೆ ದೇವಾಲಯದ ಅಂಗಳಕ್ಕೆ ತರದೆ ಆಯಾ ಮನೆಯವರೇ ತಮ್ಮ ತೋಟದಲ್ಲಾಗಲಿ ಹೊಲದಲ್ಲಾಗಲಿ ಬೇಗನೆ ಹೂಣಿಡಬೇಕು, ದೇವಾಲಯವನ್ನು ಮುಚ್ಚಿ ಆರಾಧನೆಯನ್ನು ಬಯಲಲ್ಲಿ ನಡಿಸಬೇಕು, ಊರಿನ ಸುತ್ತಲೂ ಒಂದು ಗಡಿ ಗೊತ್ತುಮಾಡಿ, ರೋಗ ತೀರುವ ತನಕ ಅದನ್ನು ಯಾರೂ ದಾಟಕೂಡದು, ಹೊರಗಿನವರೂ ಒಳಗೆ ಬರಕೂಡದು. ಕಾವಲಿಗೆ ಸಿಪಾಯಿಗಳಿರಲಿಲ್ಲ. ಜನರು ಒಪ್ಪಿದರು.

ಊಟಕ್ಕೆ ಏನು ಗತಿ? ಇದಕ್ಕೆ ಮಾಂಪೆಸ್ಸನರು ಚಾಟ್ಸ್‌ವರ್ಥ್ ಅರಮನೆಯ ಒಡೆಯನಾದ ಡೆವನ್‌ಶೈರ್ ಪ್ರಭುವಿಗೆ ಕಾಗದ ಬರೆದರು. ಊರವರು ಗಡಿಯೊಳಗೆ ನಿಂತಿರುವದಾದರೆ ಆಹಾರವನ್ನೂ ಬೇಕಾದ ವಸ್ತುಗಳನ್ನೂ ತಾನು ಒದಗಿಸುವೆನೆಂದು ಪ್ರಭುವು ಒಪ್ಪಿ ಹಾಗೆಯೇ ನಡಿಸಿದನು. ನೆರೆಯೂರುಗಳವರೂ ಸಾಮಾನುಗಳನ್ನು ತಂದು ಗಡಿಯ ಗುರುತುಗಳ ಬಳಿ ಇಟ್ಟು ಹಿಂದಕ್ಕೆ ಹೋಗುವರು; ಅವರು ಮರೆಯಾದ ಮೇಲೆ ಈಮಿನವರು ಬಂದು ಎತ್ತಿಕೊಳ್ಳುವರು. ಈಮಿನಿಂದ ಸ್ಟೋನಿ ಮಿಡಲ್ಟನ್ ಎಂಬ ನೆರೆಹಳ್ಳಿಗೆ ಇಳಿಯುವ ಕಾಲುದಾರಿಯಲ್ಲಿ ಅಂಥ ಒಂದು ಗಡಿಕಲ್ಲು ಈಗಲೂ ಇದೆ. ಅದರ ಮೇಲೆ ಆರು ಕುಳಿಗಳಿವೆ. ಈಮಿನವರು ಕುಳಿಗಳಲ್ಲಿ ಹುಳಿರಸ ತುಂಬಿ, ಸಾಮಾನಿನ ಹಣವನ್ನು ಅದರೊಳಗೆ ಹಾಕಿ ಹೋಗುವರು. ಹುಳಿರಸವು ನಾಣ್ಯಗಳ ವಿಷವನ್ನು ತೆಗೆಯುವದೆಂದು ಆಗಿನ ನಂಬಿಕೆ. ಊರಿನ ಬಡಗಣ ದಿಕ್ಕಿನಲ್ಲಿ, ಮೇಲಿನ ಬಯಲಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಒಂದು ಬುಗ್ಗೆಯುಂಟು. ಅಲ್ಲಿ ಹಣವನ್ನು ಹರಿಯುವ ನೀರಿನಲ್ಲಿ ಇಡುತ್ತಿದ್ದರು. ಅದನ್ನು ಇಂದಿಗೂ ಮಾಂಪೆಸ್ಸನರ ಬಾವಿ ಎಂದು ಕರೆಯುತ್ತಾರೆ.

ಆರಾಧನೆಗಾಗಿ ಆರಿಸಿಕೊಂಡ ಸ್ಥಳವು ಕಕ್ಲೆಟ್ ಡೆಲ್ಫ್ ಎಂಬ ಹಸುರು ತಗ್ಗು. ಅದರ ಒಂದು ಬದಿಯಲ್ಲಿ ಸುಣ್ಣಕಲ್ಲಿನ ಬಂಡೆಯು ಕಮಾನುಗಳಂತೆ ತೆರೆದುಕೊಂಡಿದೆ. ಮಾಂಪೆಸ್ಸನರು ಆ ಬಂಡೆಯ ಕಮಾನಿನಲ್ಲಿ ನಿಂತು ಪ್ರಸಂಗಿಸುವರು. ಜನರು ಎದುರಿನ ಇಳುಕಲಿನಲ್ಲಿ ಒಂದು ಕುಟುಂಬಕ್ಕೂ ಇನ್ನೊಂದಕ್ಕೂ ನಡುವೆ ಬಯಲು ಬಿಟ್ಟು ಕೂಡ್ರುವರು. ಪ್ರತಿ ಆದಿತ್ಯವಾರವೂ ಆ ಬಯಲು ದೊಡ್ಡದಾಗುತ್ತಾ ಹೋಯಿತು.

ಇದೇ ತಗ್ಗಿನ ವಿಷಯವಾಗಿ ಊರವರು ಒಂದು ಕಥೆಯನ್ನು ಹೇಳುತ್ತಾರೆ. ಎಮ್ಮಟ್ ಸಿಡಲ್ ಎಂಬ ಈಮಿನ ಹುಡುಗಿಗೂ ಸ್ಟೋನಿ ಮಿಡಲ್ಟನಿನ ರೋಲೆಂಡ್ ಟಾರ್ ಎಂಬ ಯುವಕನಿಗೂ ಮದುವೆ ನಿಶ್ಚಯವಾಗಿತ್ತು. ಆಕೆಯ ತಂದೆಯೂ ಒಡಹುಟ್ಟಿದವರೂ ಮೊದಲನೆಯ ಚಳಿಗಾಲದೊಳಗೇ ಸತ್ತುಹೋಗಿದ್ದರು. ರೋಲೆಂಡನು ಕಣಿವೆಯ ಆಚೆಗೆ ಬಂದು ನಿಲ್ಲುವನು, ಎಮ್ಮಟ್ ಈಚೆಗೆ ನಿಲ್ಲುವಳು. ಹತ್ತಿರ ಬಾರದೆ, ದೂರದಿಂದಲೇ ಒಬ್ಬರನ್ನೊಬ್ಬರು ನೋಡಿ ಹೋಗುವರು. 1666ರ ಏಪ್ರಿಲ್ ಕೊನೆಯಲ್ಲಿ ಆಕೆ ಬರಲಿಲ್ಲ. ಅವನು ದಿನವೂ ಬಂದು ನೋಡಿದನಂತೆ. ರೋಗ ತೀರಿ ದಾರಿ ತೆರೆದಾಗ ಊರೊಳಗೆ ಕಾಲಿಟ್ಟ ಮೊದಲಿಗರಲ್ಲಿ ಅವನೊಬ್ಬನು. ಆಕೆ ಏಪ್ರಿಲ್ 29ರಂದೇ ಸತ್ತಳೆಂಬುದು ಅವನಿಗೆ ಆಗಲೇ ತಿಳಿಯಿತು.

ಆಗಸ್ಟು ತಿಂಗಳು ಎಲ್ಲಕ್ಕಿಂತಲೂ ಕ್ರೂರವಾಗಿತ್ತು. ಆ ಒಂದೇ ತಿಂಗಳಲ್ಲಿ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ಊರಿನ ಮೂಡಣ ಕಡೆಗೆ ಅರ್ಧ ಮೈಲಿನಷ್ಟು ದೂರದಲ್ಲಿ ರೈಲಿ ಎಂಬ ಎತ್ತರದ ಹೊಲಗಳಿವೆ. ಅಲ್ಲಿ ಹ್ಯಾನ್‌ಕಾಕ್ ಎಂಬವರ ಬೇಸಾಯದ ಮನೆಯಿತ್ತು. ಆಗಸ್ಟ್ 3ರಂದು ಆ ಮನೆಯ ಇಬ್ಬರು ಮಕ್ಕಳು ಸತ್ತರು. 7ರಂದು ತಂದೆಯೂ ಇನ್ನಿಬ್ಬರು ಮಕ್ಕಳೂ ಸತ್ತರು. 9ರಂದು ಒಬ್ಬಳು, 10ರಂದು ಮತ್ತೊಬ್ಬಳು. ಎಂಟು ದಿನಗಳಲ್ಲಿ ಏಳು ಮಂದಿ. ತಾಯಿಯಾದ ಎಲಿಜಬೆತ್ ಒಬ್ಬಳೇ ಉಳಿದಳು. ಮನೆಯವರೇ ಹೂಣಿಡಬೇಕೆಂಬುದು ನಿಯಮವಷ್ಟೆ. ಆಕೆ ಒಂದೊಂದು ಶವದ ಕಾಲಿಗೆ ಬಟ್ಟೆ ಕಟ್ಟಿ ಎಳೆದುಕೊಂಡು ಹೋಗಿ, ತಾನೇ ಗುಣಿ ತೋಡಿ, ಏಳು ಮಂದಿಯನ್ನೂ ಮಣ್ಣುಮಾಡಿದಳೆಂದು ಹೇಳುತ್ತಾರೆ. ಕೆಳಗಿನ ಸ್ಟೋನಿ ಮಿಡಲ್ಟನಿನವರು ಎದುರು ಗುಡ್ಡದಿಂದ ಅದನ್ನು ನೋಡಿದರಂತೆ; ಹತ್ತಿರ ಬರುವ ಧೈರ್ಯ ಯಾರಿಗೂ ಇರಲಿಲ್ಲ, ಬರುವದೂ ತಪ್ಪಾಗುತ್ತಿತ್ತು. ತರುವಾಯ ಆಕೆ ಶೆಫೀಲ್ಡಿನಲ್ಲಿ ಕೆಲಸ ಕಲಿಯುತ್ತಿದ್ದ ಉಳಿದ ಒಬ್ಬ ಮಗನ ಬಳಿಗೆ ಹೋದಳು. ರೈಲಿಯ ಸಮಾಧಿಗಳ ಸುತ್ತ ಈಗ ದುಂಡಾದ ಕಲ್ಲಿನ ಗೋಡೆ ಇದೆ. ಒಳಗೆ ಸತ್ತವರ ಹೆಸರು, ದಿನಗಳನ್ನು ಕೆತ್ತಿದ ಕಲ್ಲುಗಳು ನಿಂತಿವೆ.

ಮನೆಯಲ್ಲಿ ಹೂಣಿಡುವವರು ಯಾರೂ ಉಳಿಯದಿದ್ದಲ್ಲಿ ಮಾರ್ಷಲ್ ಹೌ ಎಂಬ ಗಟ್ಟಿಮುಟ್ಟಾದ ಗಣಿಕೆಲಸದವನು ಆ ಕೆಲಸವನ್ನು ಮಾಡುತ್ತಿದ್ದನು. ಅವನಿಗೆ ಮೊದಲೇ ರೋಗ ಬಂದು ವಾಸಿಯಾಗಿತ್ತು. ಇನ್ನು ಬಾರದೆಂದು ಅವನ ಧೈರ್ಯ. ಕೂಲಿಗೆ ಬದಲಾಗಿ ಸತ್ತವರ ಬಟ್ಟೆ, ಸಾಮಾನುಗಳನ್ನು ತೆಗೆದುಕೊಂಡು ಹೋಗುವನು. ಅವನ ಹೆಂಡತಿಯೂ ಮಗನೂ ಆ ರೋಗದಿಂದಲೇ ಸತ್ತರು. ಇವನ ಆಶೆಬುರುಕತನವನ್ನು ಕುರಿತು ಬಹು ಮಂದಿ ಕಠಿಣವಾಗಿ ಬರೆದಿದ್ದಾರೆ. ಇವನಿಲ್ಲದಿದ್ದರೆ ಆ ಹೆಣಗಳನ್ನು ಯಾರು ಎತ್ತುತ್ತಿದ್ದರೆಂದು ನಾವು ಕೇಳುತ್ತೇವೆ.

ಗಡಿಯನ್ನು ಕಟ್ಟುವ ಮುಂಚೆಯೇ ಮಾಂಪೆಸ್ಸನರು ತಮ್ಮ ಇಬ್ಬರು ಮಕ್ಕಳನ್ನು ಯಾರ್ಕ್‌ಶೈರಿನ ಬಂಧುಗಳ ಮನೆಗೆ ಕಳುಹಿಸಿದ್ದರು. ಬೇರೆಯವರಿಗೆ ನಿಲ್ಲಿರೆಂದು ಹೇಳಿದವರು ತಮ್ಮ ಮಕ್ಕಳನ್ನು ಸಾಗಿಸಿದ್ದು ಸರಿಯೋ ಎಂದು ಕೆಲವರು ಆಕ್ಷೇಪಿಸಿದ್ದಾರೆ; ಈ ಆಕ್ಷೇಪಣೆ ಬುಡವಿಲ್ಲದ್ದಲ್ಲ. ಹೆಂಡತಿಯನ್ನೂ ಮಕ್ಕಳ ಜೊತೆಗೆ ಹೋಗೆಂದು ಅವರು ಬೇಡಿಕೊಂಡರು. ಆಕೆ ಗಂಡನನ್ನು ಬಿಟ್ಟು ಹೋಗಲೊಪ್ಪದೆ ಊರಲ್ಲಿಯೇ ನಿಂತು ರೋಗಿಗಳ ಮನೆಗಳಿಗೆ ಹೋಗಿ ಬರುತ್ತಿದ್ದಳು. ಆಗಸ್ಟಿನ ಒಂದು ದಿನ ಇಬ್ಬರೂ ಹೊಲಗಳ ನಡುವೆ ನಡೆಯುತ್ತಿರುವಾಗ, ಗಾಳಿಯಲ್ಲಿ ಎಷ್ಟು ಒಳ್ಳೆಯ ಪರಿಮಳವಿದೆ ಎಂದು ಆಕೆ ಅಂದಳಂತೆ. ಇಲ್ಲದ ಪರಿಮಳವು ಮೂಗಿಗೆ ಬರುವದು ಪ್ಲೇಗಿನ ಮೊದಲನೆಯ ಗುರುತೆಂದು ಆ ಕಾಲದವರು ತಿಳಿದಿದ್ದರು. ಗಂಡನು ಏನು ಉತ್ತರ ಕೊಟ್ಟರೋ ಕಥೆ ಹೇಳುವದಿಲ್ಲ. ಆಗಸ್ಟ್ 25ರಂದು ಆಕೆ ತೀರಿಕೊಂಡಳು. ಆಗ ಆಕೆಗೆ ಸುಮಾರು 27 ವಯಸ್ಸು. ಆಕೆಯ ಸಮಾಧಿಯು ದೇವಾಲಯದ ಅಂಗಳದಲ್ಲಿ ಆ ಹಳೆಯ ಶಿಲುಬೆಯ ಸಮೀಪದಲ್ಲಿಯೇ ಇದೆ.

ಸೆಪ್ಟೆಂಬರಿನಲ್ಲಿ ರೋಗದ ಉರಿ ತಗ್ಗಿತು. ಕೊನೆಯ ಮರಣವು ನವೆಂಬರ್ 1ರಂದು ಸಂಭವಿಸಿತು. ಆ ತಿಂಗಳಲ್ಲಿ ಮಾಂಪೆಸ್ಸನರು ಬರೆದ ಕಾಗದದಲ್ಲಿ 76 ಮನೆಗಳಿಗೆ ರೋಗ ತಗಲಿ 259 ಮಂದಿ ಸತ್ತರೆಂದು ತಿಳಿಸಿದ್ದಾರೆ. ಸಭೆಯ ದಫ್ತರದ ಲೆಕ್ಕವೂ ಹೆಚ್ಚು ಕಡಿಮೆ ಅದಕ್ಕೆ ಸರಿಬೀಳುತ್ತದೆ. ಊರನ್ನು ಅವರು ಗೊಲ್ಗೊಥಾಕ್ಕೆ, ಅಂದರೆ ತಲೆಬುರುಡೆಯ ಸ್ಥಳಕ್ಕೆ ಹೋಲಿಸಿದರು. ರೋಗ ಮತ್ತೆ ತಲೆಯೆತ್ತದಂತೆ ಹಾಸಿಗೆ, ಉಣ್ಣೆಯ ಬಟ್ಟೆಗಳನ್ನು ಸುಡಿಸಿದರು. ತಮ್ಮವುಗಳನ್ನು ಮೊದಲು ಸುಟ್ಟರು.

ಊರಲ್ಲಿ ಒಟ್ಟು ಎಷ್ಟು ಜನರಿದ್ದರು? ಮುಂಚಿನ ಪುಸ್ತಕಗಳು 350 ಎಂದು ಹೇಳಿದವು. ಆ ಲೆಕ್ಕದಂತೆ ನಾಲ್ವರಲ್ಲಿ ಮೂವರು ಸತ್ತಂತಾಗುವದು. ಆದರೆ ಆ ಕಾಲದಲ್ಲಿ ಒಲೆಗಳ ಮೇಲೆ ಹಾಕುತ್ತಿದ್ದ ಕಂದಾಯದ ಪಟ್ಟಿಗಳನ್ನು ಈಚಿನವರು ಶೋಧಿಸಿ, ಆ ಸಭೆಯ ಎಲ್ಲೆಯೊಳಗೆ ಏಳುನೂರರಷ್ಟು ಜನರಿದ್ದಿರಬೇಕೆಂದು ಹೇಳುತ್ತಾರೆ. ಹಾಗಾದರೆ ಮೂವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಇದು ಕಡಮೆ ಎಂದು ಯಾರಾದರೂ ಎಣಿಸಿದರೆ ತಮ್ಮ ಬೀದಿಯ ಮನೆಗಳನ್ನೊಮ್ಮೆ ಎಣಿಸಿ ನೋಡಲಿ.

ಈಗ ನಾವು ಮೇಲೆ ನೆನಪಿನಲ್ಲಿಡಿರೆಂದ ಮಾತಿಗೆ ಬರುತ್ತೇವೆ. ನಮ್ಮ ಹಳ್ಳಿಯವರು ಇಲಿ ಬಿದ್ದೊಡನೆ ಮನೆಗಳನ್ನು ಬಿಟ್ಟು ಹೊಲಕ್ಕೆ ಇಳಿಯುತ್ತಿದ್ದರು. ಈಮಿನವರು ಮನೆಗಳೊಳಗೇ ನಿಂತರು. ಇಲಿಗಳೂ ಚಿಗಟಗಳೂ ಇದ್ದ ಮನೆಗಳಲ್ಲಿಯೇ ಒಬ್ಬರ ಪಕ್ಕದಲ್ಲೊಬ್ಬರು ಮಲಗಿ ಸತ್ತರು. ಅವರು ಗಡಿಯೊಳಗೆಯೇ, ಆದರೆ ಮನೆಗಳಿಂದ ಹೊರಗೆ, ಮೇಲಿನ ಬಯಲಲ್ಲಿ ಗುಡಿಸಲು ಹಾಕಿಕೊಂಡು ಚೆದರಿ ನಿಂತಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವೆಂದು ವೈದ್ಯಶಾಸ್ತ್ರ ಬಲ್ಲ ಅನೇಕರ ಅಭಿಪ್ರಾಯ. ಇನ್ನೊಂದು ಸಂಗತಿಯೂ ಉಂಟು. 2016ರಲ್ಲಿ ಇಬ್ಬರು ವಿದ್ವಾಂಸರು ಈಮಿನ ಮರಣದಫ್ತರವನ್ನು ಗಣಿತದಿಂದ ಪರೀಕ್ಷಿಸಿ, ಅಲ್ಲಿಯ ರೋಗದಲ್ಲಿ ಕಾಲುಭಾಗ ಮಾತ್ರ ಇಲಿಗಳಿಂದ ಬಂದಿರಬೇಕೆಂದೂ ಮುಕ್ಕಾಲು ಭಾಗವು ಮನುಷ್ಯರಿಂದ ಮನುಷ್ಯರಿಗೆ ಅಂಟಿರಬೇಕೆಂದೂ ತೋರಿಸಿದ್ದಾರೆ. ಒಂದೇ ಮನೆಯವರಲ್ಲಿ ಅದು ಬಹು ಬೇಗನೆ ದಾಟುತ್ತಿತ್ತು. ಇದು ನಿಜವಾದರೆ ಗಡಿಯನ್ನು ಕಟ್ಟಿದ್ದೂ, ಆರಾಧನೆಯನ್ನು ಬಯಲಿಗೆ ತಂದದ್ದೂ, ಕುಟುಂಬಗಳು ದೂರ ದೂರ ಕೂತದ್ದೂ ಅವರು ಆಗ ತಿಳಿದದ್ದಕ್ಕಿಂತ ಹೆಚ್ಚು ಉಪಯೋಗವಾಗಿರಬೇಕು. ಈಮಿನಿಂದ ರೋಗವು ನೆರೆಹಳ್ಳಿಗಳಿಗೆ ಹಬ್ಬಿದ ಗುರುತು ಕಾಣುವದಿಲ್ಲ. ತಮ್ಮ ಊರಿಗೆ ಅವರು ಆರಿಸಿಕೊಂಡ ಉಪಾಯವು ಅತಿ ಒಳ್ಳೆಯದಾಗಿರಲಿಲ್ಲ. ನೆರೆಯೂರುಗಳಿಗೆ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ನಮ್ಮ ಅಭಿಪ್ರಾಯ ಇಷ್ಟೇ. ಇಂದು ಬೇಗನೆ ಔಷಧ ಕೊಟ್ಟರೆ ಪ್ಲೇಗು ವಾಸಿಯಾಗುವ ರೋಗ. ಆ ಔಷಧಗಳು ಸಿಕ್ಕಿ ಇನ್ನೂ ನೂರು ವರುಷವಾಗಿಲ್ಲ.

ಇಲ್ಲಿ ವಾಚಕರಿಗೆ ಒಂದು ಎಚ್ಚರಿಕೆ ಕೊಡುವದು ನ್ಯಾಯ. ದಫ್ತರದಲ್ಲಿರುವ ಹೆಸರುಗಳೂ ದಿನಗಳೂ, ಮಾಂಪೆಸ್ಸನರ ಕಾಗದಗಳೂ ಆ ಕಾಲದ ಸಾಕ್ಷಿಗಳು. ರೋಲೆಂಡನ ಕಥೆ, ಪರಿಮಳದ ಕಥೆ, ಮಾರ್ಷಲ್ ಹೌ ಕಥೆ ಮುಂತಾದವು ಊರವರ ಬಾಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದವು. ಅದೇ ಊರಿನವನಾದ ವಿಲ್ಯಂ ವುಡ್ ಎಂಬವನು 1842ರಲ್ಲಿ ಈಮಿನ ಚರಿತ್ರೆಯನ್ನು ಅಚ್ಚುಹಾಕಿಸಿ ಅವುಗಳಲ್ಲಿ ಅನೇಕವನ್ನು ಲೋಕಕ್ಕೆ ತಿಳಿಸಿದನು. ನೂರ ಎಪ್ಪತ್ತಾರು ವರುಷ ಬಾಯಲ್ಲಿದ್ದ ಕಥೆಗೆ ಬಣ್ಣ ಸೇರದೆ ಇರಲಾರದು. ಮಾರ್ಗರೆಟ್ ಬ್ಲ್ಯಾಕ್‌ವೆಲ್ ಎಂಬ ಹುಡುಗಿಯು ಸಾಯುವಂತಿದ್ದಾಗ ದಾಹ ತಾಳಲಾರದೆ ಹಾಲೆಂದು ತಿಳಿದು ಬಿಸಿ ಹಂದಿಕೊಬ್ಬನ್ನು ಕುಡಿದು ಬದುಕಿಕೊಂಡಳೆಂಬ ಕಥೆಯೂ ಅವುಗಳಲ್ಲೊಂದು. ಅದನ್ನು ಚಿಕಿತ್ಸೆಯೆಂದು ಯಾರೂ ಎಣಿಸಬೇಡಿರಿ! ಹೀಗೆ ಕಥೆಗಳನ್ನೆಲ್ಲಾ ಬದಿಗಿಟ್ಟರೂ ದಫ್ತರದ ಪಟ್ಟಿ ಉಳಿಯುತ್ತದೆ, ಆ ಪಟ್ಟಿಯಲ್ಲಿ ಹ್ಯಾನ್‌ಕಾಕ್ ಮನೆಯ ಏಳು ಹೆಸರುಗಳು ಉಳಿಯುತ್ತವೆ.

ಸ್ಟಾನ್ಲಿಯವರ ವಿಷಯವಾಗಿ ತರುವಾಯ ನಡೆದದ್ದು ಮನಸ್ಸಿಗೆ ನೋವುಂಟುಮಾಡುವಂಥದ್ದು. ರೋಗ ತೀರಿದ ಮೇಲೆ ಕೆಲವರಿಗೆ ಐದು ಮೈಲಿನ ಕಾನೂನು ನೆನಪಾಯಿತು. ಸ್ಟಾನ್ಲಿಯವರನ್ನು ಊರಿನಿಂದ ಹೊರಡಿಸಬೇಕೆಂದು ಅವರು ಡೆವನ್‌ಶೈರ್ ಪ್ರಭುವಿನ ಬಳಿಗೆ ಹೋದರು. ಇಂಥವರನ್ನು ಓಡಿಸುವದಕ್ಕಿಂತ ಸೀಮೆಯ ಜನರೆಲ್ಲಾ ಇವರಿಗೆ ಉಪಕಾರಸ್ಮರಣೆ ಮಾಡುವದೇ ಯುಕ್ತವೆಂದು ಪ್ರಭುವು ಹೇಳಿ ಅವರನ್ನು ಕಳುಹಿಸಿಬಿಟ್ಟನು. ಸ್ಟಾನ್ಲಿಯವರು 1670ರಲ್ಲಿ ಈಮಿನಲ್ಲಿಯೇ ತೀರಿಕೊಂಡರು. ಬಹುಕಾಲದ ವರೆಗೆ ಪುಸ್ತಕಗಳಲ್ಲಿ ಮಾಂಪೆಸ್ಸನರ ಹೆಸರು ದೊಡ್ಡದಾಗಿಯೂ ಇವರ ಹೆಸರು ಚಿಕ್ಕದಾಗಿಯೂ ಕಾಣುತ್ತಿತ್ತು. ಜನರನ್ನು ನಿಲ್ಲಿಸಿದ್ದು ಇಬ್ಬರಲ್ಲಿ ಯಾರ ಮಾತೆಂದು ಕೇಳಿದರೆ, ನಾವಂತೂ ಹಿರಿಯರ ಕಡೆಗೆ ಕೈತೋರಿಸುವೆವು. ಆ ಹಿರಿಯರನ್ನು ಕೇಳಿಕೊಳ್ಳಲು ತಗ್ಗಿದ್ದು ಕಿರಿಯರ ದೊಡ್ಡತನ.

ಮಾಂಪೆಸ್ಸನರು ಕೆಲವು ವರುಷಗಳಲ್ಲಿ ಈಮನ್ನು ಬಿಟ್ಟು ನಾಟಿಂಗ್‌ಹ್ಯಾಮ್‌ಶೈರಿನ ಈಕ್ರಿಂಗ್ ಎಂಬ ಹಳ್ಳಿಗೆ ಸಭಾಪಾಲಕರಾಗಿ ಹೋದರು. ಅಲ್ಲಿಯವರು ಪ್ಲೇಗಿನ ಊರಿನಿಂದ ಬಂದವರೆಂದು ಹೆದರಿ ಇವರನ್ನು ಊರೊಳಗೆ ಸೇರಿಸಲಿಲ್ಲವೆಂದೂ, ಸ್ವಲ್ಪಕಾಲ ಇವರು ಹತ್ತಿರದ ಉಪವನದಲ್ಲಿ ಗುಡಿಸಲಲ್ಲಿದ್ದು ಒಂದು ಮರದ ಕೆಳಗೆ ನಿಂತು ಪ್ರಸಂಗಿಸಿದರೆಂದೂ ಹೇಳಿಕೆ. ಗಡಿಯೊಳಗೆ ನಿಂತವರು ಹೀಗೆ ಗಡಿಯ ಹೊರಗೆ ನಿಲ್ಲಬೇಕಾಯಿತು.

ಈಗಿನ ಈಮಿನಲ್ಲಿ ಗಣಿಗಳಿಲ್ಲ. ಪ್ಲೇಗಿನ ತರುವಾಯ 1670ರ ಸುಮಾರಿನಲ್ಲಿ ಕಟ್ಟಿದ ಈಮ್ ಹಾಲ್ ಎಂಬ ದೊಡ್ಡ ಮನೆಯೂ ಅದರ ಎದುರಿಗೆ ತಪ್ಪು ಮಾಡಿದವರ ಕಾಲುಗಳನ್ನು ಸಿಕ್ಕಿಸುತ್ತಿದ್ದ ಹಳೆಯ ಕೊಡವೂ ಇವೆ. ಮೆಥಡಿಸ್ಟರ ಹಿಂದಣ ಪ್ರಾರ್ಥನಾಮಂದಿರವೊಂದನ್ನು ಊರವರು ವಸ್ತುಸಂಗ್ರಹಾಲಯವಾಗಿ ಮಾಡಿ 1994ರಲ್ಲಿ ತೆರೆದರು. ಅದರ ಮಾಡಿನ ಮೇಲೆ ಗಾಳಿಯ ದಿಕ್ಕು ತೋರಿಸಲು ಕೋಳಿಯ ಬದಲಾಗಿ ಇಲಿಯ ಆಕಾರವನ್ನು ನಿಲ್ಲಿಸಿದ್ದಾರೆ. ದೇವಾಲಯದ ಕಿಟಕಿಯೊಂದರಲ್ಲಿ ಈ ಚರಿತ್ರೆಯನ್ನು ಬಣ್ಣದ ಗಾಜಿನಿಂದ ಚಿತ್ರಿಸಿದ್ದಾರೆ. ಒಳಗೆ ಸತ್ತವರ ಹೆಸರುಗಳ ಪುಸ್ತಕವೂ ಉಂಟು. ಪ್ರತಿವರ್ಷ ಆಗಸ್ಟಿನ ಕೊನೆಯ ಆದಿತ್ಯವಾರವನ್ನು ಪ್ಲೇಗಿನ ಆದಿತ್ಯವಾರವೆಂದು ಆಚರಿಸುತ್ತಾರೆ. ಆ ಸಮಯದಲ್ಲಿ ಊರಿನ ನೀರಿನ ಸ್ಥಳಗಳನ್ನು, ಹಲಗೆಯ ಮೇಲೆ ಹಸಿಜೇಡಿ ಮೆತ್ತಿ ಹೂವಿನ ಎಸಳುಗಳಿಂದ ಚಿತ್ರ ಕೂಡಿಸಿ, ಅಲಂಕರಿಸುವದುಂಟು. ಆರಾಧನೆಗಾಗಿ ಜನರು ಕಕ್ಲೆಟ್ ಡೆಲ್ಫಿಗೆ ನಡೆದು ಹೋಗಿ ಆ ಹುಲ್ಲಿನ ಇಳುಕಲಿನಲ್ಲಿ ಕೂಡ್ರುವರು. ಈಗ ಅವರು ಒತ್ತೊತ್ತಾಗಿ ಕೂಡ್ರುತ್ತಾರೆ. ಅಲ್ಲಿಂದ ಗಡಿಕಲ್ಲಿನ ಕಡೆಗೂ ಕೆಲವರು ಹೋಗುವದುಂಟು; ಅದರ ಆರು ಕುಳಿಗಳು, ಮಕ್ಕಳು ಬೆರಳಿಟ್ಟು ಇಟ್ಟು, ನುಣುಪಾಗಿವೆ.